ಸಂಪಾದಕನಿಲ್ಲದ ಸಂಪಾದನೆ

ಕನ್ನಡದಲ್ಲಿ ‘ಸಂಪಾದನೆ’ಯೆಂಬ ಶಬ್ದಕ್ಕೆ ಎರಡು ಮುಖ್ಯಾರ್ಥಗಳುಂಟು. ದುಡಿದು ಹಣ ಗಳಿಸುವುದು ಒಂದು. ಬರಹವನ್ನು ತಿದ್ದಿ, ತೂಗಿ, ಲೋಕಕ್ಕೆ ಒಪ್ಪಿಸುವುದು ಮತ್ತೊಂದು. ಮೊದಲನೆಯದನ್ನು ಮಾಡುವವನು ಸಂಸಾರಸ್ಥ. ಎರಡನೆಯದನ್ನು ಮಾಡುವವನು ಸಂಪಾದಕ. ಎರಡನ್ನೂ ಒಬ್ಬನೇ ಸಾಧಿಸಿದ ಉದಾಹರಣೆಗಳು ನಮ್ಮಲ್ಲಿ ವಿರಳವೆಂಬುದನ್ನು ಕನ್ನಡ ಪತ್ರಿಕೆಗಳ ಚರಿತ್ರೆಯನ್ನು ಬಲ್ಲವರಿಗೆ ಹೇಳಬೇಕಾದ ಅಗತ್ಯವಿಲ್ಲ. (‘ಶೂನ್ಯಸಂಪಾದನೆ’ಯನ್ನು ಸಂಕಲಿಸಿದ ಮಹನೀಯರು ಈ ಎರಡನ್ನೂ ಮೀರಿದ ಮೂರನೆಯ ಅರ್ಥವನ್ನು ಕಂಡವರು; ಅದು ನಮ್ಮಂಥವರ ಅಳವಿನ ಮಾತಲ್ಲ.) ಕಳೆದ ಎರಡು ದಶಕಗಳಲ್ಲಿ ಅಂತರಜಾಲವು ತಂದಿತ್ತ ವ್ಯವಸ್ಥೆ ಈ ಸಂಬಂಧವನ್ನು ತಲೆಕೆಳಗು ಮಾಡಿದೆ. ಬ್ಲಾಗು, ಫೇಸ್‌ಬುಕ್, ಯೂಟ್ಯೂಬ್ ಮೊದಲಾದ ತಾಣಗಳಲ್ಲಿ ಸಂಪಾದಕನಿಲ್ಲ. ಸಂಪಾದನೆಯ ಆಶ್ವಾಸನೆ ಮಾತ್ರ ಉಂಟು. ಹಗಲು ಹಿಂಜವಡಿಯ ಕಛೇರಿಯಲ್ಲಿ ದುಡಿದು, ರಾತ್ರಿ ಕೋಥರೂಡಿನ ಮನೆಯಲ್ಲಿ ಕುಳಿತು ಕನ್ನಡದಲ್ಲಿ ನಾಲ್ಕು ಸಾಲು ಬರೆಯುವ ನಮ್ಮ ತರುಣರಿಗೆ ಈ ಆಶ್ವಾಸನೆ ದೊರೆತಿರುವುದು ಸಣ್ಣ ಸಂಗತಿಯಲ್ಲ.

ಹಾಗೆ ಗಳಿಸುವ ಉಪಾಯಗಳನ್ನು ತಿಳಿಸುವುದು ಪ್ರಕೃತ ಲೇಖನದ ಉದ್ದೇಶವಲ್ಲ. ಅದನ್ನು ತಿಳಿಸುವುದರಿಂದಲೇ ಗಳಿಸುವವರು ಬೇಕಾದಷ್ಟು ಜನರಿದ್ದಾರೆ. ಹಣವನ್ನು ಮುಟ್ಟಿದೊಡನೆ ಬರಹ ಮಲಿನವಾಗುತ್ತದೆಯೆಂಬ ಮಡಿವಂತಿಕೆಯೂ ನನಗಿಲ್ಲ. ವಿಮರ್ಶಕನು ಕೇಳಬಹುದಾದ ಪ್ರಶ್ನೆ ಬೇರೆಯದು: ಓದುವವನಿಗೂ ಬರೆಯುವವನಿಗೂ ನಡುವೆ ದುಡ್ಡು ಯಾವ ಗಳಿಗೆಯಲ್ಲಿ, ಯಾರ ಕೈಯಿಂದ ಬರುತ್ತದೆ, ಆ ಗಳಿಗೆಯು ಗದ್ಯದ ಆಕಾರವನ್ನು ಹೇಗೆ ತಿದ್ದುತ್ತದೆ?

ಈ ಪ್ರಶ್ನೆಗೆ ಪುಣೆಯಲ್ಲಿಯೇ ಒಂದು ಹಳೆಯ ಪೀಠಿಕೆಯಿದೆ. ಅಪ್ಪಾ ಬಳವಂತ ಚೌಕದ ಪುಸ್ತಕದಂಗಡಿಗಳಿಗೆ ಹೋಗುವ ನಮ್ಮವರು, ಅಲ್ಲಿಗೆ ಸಮೀಪದಲ್ಲಿರುವ ಆನಂದಾಶ್ರಮದ ಮುಂದೆ ಎಷ್ಟೋ ಸಲ ಹಾದುಹೋಗಿರಬಹುದು. ಸಂಸ್ಕೃತ ಹಸ್ತಪ್ರತಿಗಳಿಗಾಗಿ 1888ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯ ವ್ಯವಸ್ಥಾಪಕರಾಗಿದ್ದವರು ಮರಾಠಿಯ ಆದ್ಯ ಕಾದಂಬರಿಕಾರ ಹರಿ ನಾರಾಯಣ ಆಪ್ಟೆ. ಹೊಟ್ಟೆಯ ಪಾಡಿಗೆ ಆಶ್ರಮದ ಕೆಲಸ. 1890ರಲ್ಲಿ ತಾವೇ ಆರಂಭಿಸಿದ ‘ಕರಮಣೂಕ’ ವಾರಪತ್ರಿಕೆಗೆ ಕಂತುಕಂತಾಗಿ ಕಾದಂಬರಿ. ಎಂದರೆ ಇಂದಿನ ತರುಣನ ಹಗಲು-ರಾತ್ರಿಗಳ ವಿಭಾಗ ಆಪ್ಟೆಯವರಿಗೂ ಹೊಸದಾಗಿರಲಿಲ್ಲ. ಆಪ್ಟೆಯವರ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಕ್ಕೆ ತಂದ ಗಳಗನಾಥರು (1869–1942) ಶಾಲಾ ಶಿಕ್ಷಕರಾಗಿದ್ದವರು. 1907ರಲ್ಲಿ ಅಗಡಿಯ ಆನಂದವನದಿಂದ ಹೊರಟ ‘ಸದ್ಬೋಧ ಚಂದ್ರಿಕೆ’ಯನ್ನು ಅವರು ಬೆಳೆಸಿದರು, ಕೊನೆಕೊನೆಗೆ ತಮ್ಮ ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಅವರ ಈ ತಿರುಗಾಟವನ್ನು ನಾವು ಕಣ್ಣೀರಿನಿಂದ ನೆನೆಯುವ ರೂಢಿಯಿದೆ. ಕಣ್ಣೀರನ್ನು ಸ್ವಲ್ಪ ಒರೆಸಿಕೊಂಡು ನೋಡಿದರೆ ಅದರಲ್ಲಿ ಒಂದು ಸಾಹಿತ್ಯಕ ಸಂಗತಿಯೂ ಇದೆ.

ಚಂದಾದಾರನು ವರುಷದ ಹಣವನ್ನು ಮೊದಲೇ ಕೊಟ್ಟುಬಿಡುತ್ತಾನೆ. ಕೊಟ್ಟಮೇಲೆ ಲೇಖಕನು ಹನ್ನೆರಡು ತಿಂಗಳು ನಿಶ್ಚಿಂತ. ಈ ಅಧ್ಯಾಯ ಸ್ವಲ್ಪ ನಿಧಾನವಾದರೂ, ಆ ಅಧ್ಯಾಯದಲ್ಲಿ ಎರಡು ಪುಟ ನೀತಿಬೋಧೆ ನುಗ್ಗಿದರೂ, ಓದುಗನು ಎದ್ದುಹೋಗಲಾರ. ಹೋದರೂ ಮುಂದಿನ ವರುಷ ಹೋದಾನು. ಕಂತಿನ ಕಾದಂಬರಿಯು ಅಧ್ಯಾಯದ ಕೊನೆಗೆ ಕುತೂಹಲವನ್ನು ಕಟ್ಟಿಡುತ್ತದೆ, ನಿಜ. ಆದರೆ ಆ ಕುತೂಹಲವು ಕಥೆಯನ್ನು ಓದಿದವನಿಗೆ ಹುಟ್ಟುವ ಕುತೂಹಲ. ಅಂತರಜಾಲದ ಕುತೂಹಲವಾದರೋ ಓದುವುದಕ್ಕೆ ಮುಂಚೆ ಹುಟ್ಟಬೇಕು. ಏಕೆಂದರೆ ಅಲ್ಲಿ ದುಡ್ಡಿನ ಗಳಿಗೆ ಬರುವುದು ಬೆರಳು ಶೀರ್ಷಿಕೆಯನ್ನು ಒತ್ತಿ ಪುಟ ತೆರೆದುಕೊಂಡಾಗ. ‘ಮುಂದೇನಾಯಿತು ನೋಡಿ’, ‘ಈ ಐದು ತಪ್ಪುಗಳನ್ನು ನೀವೂ ಮಾಡುತ್ತಿದ್ದೀರಾ’ ಎಂಬ ಮಾದರಿಯ ಶೀರ್ಷಿಕೆಗಳು ಕನ್ನಡದ ಕೆಟ್ಟ ಅಭಿರುಚಿಯಿಂದ ಹುಟ್ಟಿದುವಲ್ಲ. ಸಂದಾಯದ ಗಳಿಗೆ ಮುಂದಕ್ಕೆ ಸರಿದುದರಿಂದ ಹುಟ್ಟಿದುವು.

ಆಶ್ರಯದಾತನ ಕಾಲವನ್ನೂ ಇಲ್ಲಿ ನೆನೆಯಬಹುದು. ಪಂಪನು ಅರಿಕೇಸರಿಯಿಂದ ಧರ್ಮವುರವೆಂಬ ಅಗ್ರಹಾರವನ್ನು ಪಡೆದನು, ಪಡೆದುದನ್ನು ಮುಚ್ಚಿಡಲಿಲ್ಲ. ತನ್ನ ಭಾರತದ ಅರ್ಜುನನಲ್ಲಿ ಅರಿಕೇಸರಿಯನ್ನೇ ಕೂಡಿಸಿ ಬರೆಯುತ್ತಿದ್ದೇನೆಂಬುದನ್ನು ಕಾವ್ಯದ ಮೈಯಲ್ಲಿಯೇ ಸಾರಿದನು. ಯಾರ ಹಣ, ಯಾರ ಹೊಗಳಿಕೆ ಎಂಬ ವಿಷಯದಲ್ಲಿ ಅಂದಿನ ಕೇಳುಗನಿಗೂ ಇಂದಿನ ಓದುಗನಿಗೂ ಭ್ರಮೆಯಿಲ್ಲ. ಆ ಹೊಗಳಿಕೆಯ ಎಡೆಯಲ್ಲಿ ಕರ್ಣನಿಗೆ ಸಲ್ಲಬೇಕಾದುದನ್ನು ಸಲ್ಲಿಸುವ ಸ್ವಾತಂತ್ರ್ಯವೂ ಕವಿಗೆ ಉಳಿಯಿತು. ಇತ್ತ ನಮ್ಮ ಕಾಲದಲ್ಲಿ, ಸಾಮಾಜಿಕ ಮಾಧ್ಯಮಗಳಲ್ಲಿ ಸರಕನ್ನು ಹೊಗಳಿ ಹಣ ಪಡೆಯುವವರು ಅದು ಜಾಹೀರಾತೆಂದು ಸ್ಪಷ್ಟವಾಗಿ ನಮೂದಿಸಬೇಕೆಂಬ ಮಾರ್ಗಸೂಚಿಯನ್ನು ಭಾರತೀಯ ಜಾಹೀರಾತು ಮಾನದಂಡ ಮಂಡಳಿಯು 2021ರಲ್ಲಿ ಹೊರಡಿಸಬೇಕಾಯಿತು. ಹಣದ ಬದಲು ಸರಕನ್ನೇ ಉಡುಗೊರೆಯಾಗಿ ಕೊಟ್ಟರೆ ಅದರ ಮೇಲೂ, ವರುಷಕ್ಕೆ 20,000 ರೂಪಾಯಿ ಮೀರಿದಾಗ, ನೂರಕ್ಕೆ 10ರಂತೆ ತೆರಿಗೆ ಮುರಿದುಕೊಳ್ಳಬೇಕೆಂಬ ನಿಯಮ 2022ರ ಜುಲೈ 1ರಿಂದ ಜಾರಿಗೆ ಬಂದಿತು. ಪಂಪನು ತಾನಾಗಿ ಮಾಡಿದುದನ್ನು ನಮ್ಮಿಂದ ಮಾಡಿಸಲು ಎರಡು ಕಟ್ಟಳೆಗಳು ಬೇಕಾದುವು.

ಇನ್ನು ಮೂರನೆಯ ದಾರಿ ಲಂಕೇಶರದು. 1980ರಲ್ಲಿ ಹೊರಟ ‘ಲಂಕೇಶ್ ಪತ್ರಿಕೆ’ ಜಾಹೀರಾತನ್ನೇ ದೂರವಿಟ್ಟು, ಅಂಗಡಿಯಲ್ಲಿ ಓದುಗನು ಕೊಡುವ ಬಿಡಿ ಪ್ರತಿಯ ಹಣದಿಂದ ನಡೆಯಿತು. ಅದರ ಗದ್ಯದ ಚುರುಕು, ಕೆಲವೊಮ್ಮೆ ಅದರ ಕಟುತ್ವ, ವಾರವಾರವೂ ಓದುಗನ ಜೇಬನ್ನು ಒಲಿಸಬೇಕಾದವನ ಚುರುಕು ಮತ್ತು ಕಟುತ್ವ.

ಅಂತರಜಾಲದ ಕನ್ನಡಕ್ಕೆ ಬರೋಣ. ಅದರ ಮೊದಲ ಅಧ್ಯಾಯ ನಿಷ್ಕಾಮದ್ದು, ಬಹುಮಟ್ಟಿಗೆ ಹೊರನಾಡಿಗರದು. 1996ರಲ್ಲಿ ಯು. ಬಿ. ಪವನಜರ ‘ವಿಶ್ವಕನ್ನಡ’ ಬಂದಿತು. 1998ರಲ್ಲಿ ಅಮೆರಿಕೆಯಲ್ಲಿದ್ದ ಶೇಷಾದ್ರಿವಾಸು ಅವರು ‘ಬರಹ’ ತಂತ್ರಾಂಶವನ್ನು ಉಚಿತವಾಗಿ ಹಂಚಿದರು. ‘ದಟ್ಸ್ ಕನ್ನಡ’ ತಾಣದಲ್ಲಿ ಶ್ರೀವತ್ಸ ಜೋಶಿಯವರು ವಾಷಿಂಗ್ಟನ್ನಿನಿಂದ ‘ವಿಚಿತ್ರಾನ್ನ’ವನ್ನು ವಾರವಾರ ಬಡಿಸಿದರು. 2005ರಲ್ಲಿ ‘ಸಂಪದ’, ಅನಂತರ ‘ಅವಧಿ’, ‘ಕೆಂಡಸಂಪಿಗೆ’ ಬಂದುವು. ಈ ತಾಣಗಳ ಸುತ್ತಮುತ್ತ ಬೆಳೆದ ಬ್ಲಾಗುಗಳಲ್ಲಿ ನಮ್ಮ ಲಲಿತಪ್ರಬಂಧವು ಮರುಹುಟ್ಟು ಪಡೆಯಿತೆಂದು ನಾನು ತಿಳಿದಿದ್ದೇನೆ. ಉದ್ದ ಗಿಡ್ಡಗಳ ಕಟ್ಟಿಲ್ಲ, ಪುಟದ ಅಳತೆಯಿಲ್ಲ, ತಿದ್ದುವವರಿಲ್ಲ. ಹೇಳುವ ಮಾತು ಮುಗಿದಲ್ಲಿ ಬರಹ ಮುಗಿಯುತ್ತಿತ್ತು. ಕಾಗುಣಿತದ ತಪ್ಪುಗಳಿಗೆ ಲೆಕ್ಕವಿರಲಿಲ್ಲವೆಂಬುದೂ ನಿಜ. ಆದರೂ ಆ ಬರಹಗಳಲ್ಲಿ ಯಾರಿಗೂ ಏನನ್ನೂ ಮಾರದವನ ನೆಮ್ಮದಿ ಕಾಣುತ್ತಿತ್ತು.

ಎರಡನೆಯ ಅಧ್ಯಾಯಕ್ಕೆ ಕನ್ನಡವು ತಡವಾಗಿ ಪ್ರವೇಶಿಸಿತು. ಬ್ಲಾಗಿನ ಪುಟದಲ್ಲಿ ಜಾಹೀರಾತಿಗೆ ಜಾಗ ಕೊಟ್ಟು ಪಾಲು ಪಡೆಯುವ ‘ಆಡ್‌ಸೆನ್ಸ್’ ವ್ಯವಸ್ಥೆಯನ್ನು ಗೂಗಲ್ ಸಂಸ್ಥೆ 2003ರಲ್ಲಿಯೇ ಆರಂಭಿಸಿದ್ದರೂ, ಅದು ಹಿಂದಿಯನ್ನು ಒಪ್ಪಿಕೊಂಡುದು 2014ರ ಕೊನೆಗೆ, ಬಂಗಾಳಿಯನ್ನು 2017ರಲ್ಲಿ, ತಮಿಳು ತೆಲುಗುಗಳನ್ನು 2018ರಲ್ಲಿ. ಕನ್ನಡದ ಸರದಿ ಇವೆಲ್ಲವುಗಳ ತರುವಾಯ ಬಂದಿತು. ಅಷ್ಟರಲ್ಲಿ ಬ್ಲಾಗುಗಳ ವಸಂತವೇ ಕಳೆದುಹೋಗಿತ್ತು. ಬರೆಯುತ್ತಿದ್ದವರಲ್ಲಿ ಹಲವರು ಫೇಸ್‌ಬುಕ್ಕಿಗೆ ವಲಸೆ ಹೋಗಿದ್ದರು. ನಾಡಿನಿಂದ ವಲಸೆ ಬಂದ ನಮಗೆ ಇನ್ನೊಂದು ವಲಸೆ ಕಷ್ಟವಾಗಲಿಲ್ಲವೆಂದು ತೋರುತ್ತದೆ.

ಈ ವ್ಯವಸ್ಥೆಯ ಒಳಗಿನ ಯಂತ್ರವನ್ನು ಸ್ವಲ್ಪ ಬಿಚ್ಚಿ ನೋಡಬೇಕು. ಪುಟದ ಮೇಲಿನ ಜಾಗವು ಪ್ರತಿಯೊಬ್ಬ ಓದುಗನು ಬಂದಾಗಲೂ ಕ್ಷಣಾರ್ಧದಲ್ಲಿ ಹರಾಜಿಗೆ ಬರುತ್ತದೆ. ಓದುಗನು ಯಾವ ದೇಶದವನು, ಏನನ್ನು ಕೊಳ್ಳಬಲ್ಲವನು ಎಂಬುದರ ಮೇಲೆ ಬೆಲೆ. ಆದುದರಿಂದ ಒಂದೇ ಕನ್ನಡ ಪ್ರಬಂಧವನ್ನು ಧಾರವಾಡದಲ್ಲಿ ಓದಿದರೆ ಒಂದು ಬೆಲೆ, ಕ್ಯಾಲಿಫೋರ್ನಿಯದಲ್ಲಿ ಓದಿದರೆ ಅದಕ್ಕಿಂತ ಹೆಚ್ಚಿನ ಬೆಲೆ. ಹರಾಜಿನ ಹಣದಲ್ಲಿ ಬ್ಲಾಗಿನ ಒಡೆಯನಿಗೆ ಸುಮಾರು ನೂರಕ್ಕೆ 68 ಪಾಲು; ಯೂಟ್ಯೂಬಿನ ಉದ್ದ ವಿಡಿಯೊಗಳಿಗೆ 55. ಆದರೆ 100 ಡಾಲರು ತುಂಬುವವರೆಗೆ ಹಣ ಕೈಗೆ ಬಾರದು. ಲೆಕ್ಕ ಹತ್ತು ಡಾಲರು ಮುಟ್ಟಿದಾಗ, ವಿಳಾಸ ನಿಜವೇ ಎಂದು ತಿಳಿಯಲು ಒಂದು ಗುಪ್ತ ಸಂಖ್ಯೆಯನ್ನು ಟಪಾಲಿನಲ್ಲಿ ಕಳುಹಿಸುತ್ತಾರೆ. ಎಲ್ಲವೂ ಗಾಳಿಯಲ್ಲಿ ನಡೆಯುವ ಈ ವ್ಯವಹಾರದಲ್ಲಿ ಅಂಚೆಯವನು ಬಂದು ಬಾಗಿಲು ತಟ್ಟುವ ಪ್ರಸಂಗ ಇದೊಂದೇ.

ನನ್ನ ಮನೆಯ ಬಾಗಿಲನ್ನೂ ಅವನು ಒಮ್ಮೆ ತಟ್ಟಿದ್ದನೆಂದು ಒಪ್ಪಿಕೊಳ್ಳುತ್ತೇನೆ. ನಿವೃತ್ತನಾದ ಮೇಲೆ, ಪುಣೆಯಲ್ಲಿ ವಿದ್ಯಾರ್ಥಿದೆಸೆಯನ್ನು ಕಳೆದ ಕನ್ನಡ ಲೇಖಕರನ್ನು ಕುರಿತು—ಫರ್ಗ್ಯೂಸನ್ ಕಾಲೇಜಿನ ಬೇಂದ್ರೆ, ಡೆಕ್ಕನ್ ಕಾಲೇಜಿನ ಶ್ರೀರಂಗ—ಕೆಲವು ಟಿಪ್ಪಣಿಗಳನ್ನು ಬ್ಲಾಗಿನಲ್ಲಿ ಬರೆಯುತ್ತಿದ್ದೆ. ಕೆಲವು ವರುಷಗಳ ಹಿಂದೆ ಮಗನ ಒತ್ತಾಯಕ್ಕೆ ಜಾಹೀರಾತಿಗೆ ಜಾಗ ಕೊಟ್ಟೆ. ನಡುವೆ ಬೇಸರ ಕಳೆಯಲೆಂದು, ಫರ್ಗ್ಯೂಸನ್ ರಸ್ತೆಯಲ್ಲಿ ದಕ್ಷಿಣ ಕನ್ನಡದಿಂದ ಬಂದವರು ನಡೆಸಿದ ಉಪಾಹಾರಗೃಹಗಳನ್ನು ಕುರಿತು ಅರ್ಧ ಪುಟದ ಹರಟೆಯೊಂದನ್ನು ಬರೆದಿದ್ದೆ. ಬೇಂದ್ರೆಯವರ ಟಿಪ್ಪಣಿಗೆ ತಿಂಗಳು ಹಿಡಿದು ಬಂದಷ್ಟು ಓದುಗರು ದೋಸೆಯ ಹರಟೆಗೆ ಒಂದು ಮಧ್ಯಾಹ್ನದಲ್ಲಿ ಬಂದರು. ಯಾವ ಪುಟ ಎಷ್ಟು ಗಳಿಸಿತೆಂಬ ಲೆಕ್ಕವನ್ನು ಯಂತ್ರವು ದಿನದಿನವೂ ಒಪ್ಪಿಸುತ್ತದೆ. ಅದನ್ನು ನೋಡದಿರಲು ಬೇಕಾದ ವೈರಾಗ್ಯ ನನ್ನಲ್ಲಿರಲಿಲ್ಲ. ಮುಂದಿನ ಎರಡು ತಿಂಗಳಲ್ಲಿ ನಾನು ಬರೆದುದು ಮಿಸಳ, ಇಡ್ಲಿ, ಮತ್ತು ಫಿಲ್ಟರ್ ಕಾಫಿ. ಶ್ರೀರಂಗರ ಮೇಲಿನ ಟಿಪ್ಪಣಿ ಅರ್ಧಕ್ಕೆ ನಿಂತಿತು. ನನಗೆ ಯಾರೂ ಆಜ್ಞೆ ಮಾಡಲಿಲ್ಲ, ಯಾವ ಸಂಪಾದಕನೂ ಪತ್ರ ಬರೆಯಲಿಲ್ಲ. ಸಂಪಾದಕನು ಹೇಳಿದ್ದರೆ ನಾನು ಜಗಳವಾಡುತ್ತಿದ್ದೆ. ಅಂಕಿಯೊಡನೆ ಜಗಳವಾಡುವುದು ಹೇಗೆಂದು ತಿಳಿಯಲಿಲ್ಲ.

ಈ ಅಂಕಿಯೇ ಇಂದಿನ ಸಂಪಾದಕ. ಅದರ ಅಭಿರುಚಿಯ ಲಕ್ಷಣಗಳನ್ನು ಗದ್ಯದಲ್ಲಿ ಗುರುತಿಸುವುದು ಸುಲಭ. ಹುಡುಕುವ ಯಂತ್ರಕ್ಕೆ ಸಿಕ್ಕಬೇಕೆಂದು ಒಂದೇ ಪದವನ್ನು ಪ್ಯಾರಾಪ್ಯಾರಾಕ್ಕೂ ಹೊಸೆಯುವುದು ಅವುಗಳಲ್ಲಿ ಒಂದು. ನಮ್ಮ ಲಕ್ಷಣಕಾರರು ಪುನರುಕ್ತಿಯನ್ನು ದೋಷವೆಂದರು. ದೋಷ ಯಾವುದು, ಅದೋಷ ಯಾವುದು ಎಂಬ ವಿಚಾರಕ್ಕೆ ‘ಕವಿರಾಜಮಾರ್ಗ’ವು ತನ್ನ ಮೊದಲ ಪರಿಚ್ಛೇದವನ್ನೇ ಮೀಸಲಿಟ್ಟಿತು. ಈಗ ಪುನರುಕ್ತಿಯೇ ಗುಣ. ಎರಡನೆಯದು ಉತ್ತರವನ್ನು ಹಿಂದಕ್ಕೆ ತಳ್ಳುವುದು. ಓದುಗನು ಕೇಳಿದುದು ಒಂದು ಸಾಲಿನ ಸಂಗತಿ; ಅದು ಏಳನೆಯ ಪ್ಯಾರಾದಲ್ಲಿ, ಮೂರು ಜಾಹೀರಾತುಗಳ ಆಚೆಗೆ ಅಡಗಿರುತ್ತದೆ. ವಿಡಿಯೊಗಳಲ್ಲಿ ಇದಕ್ಕೆ ಒಂದು ಛಂದಸ್ಸೇ ಹುಟ್ಟಿದೆ. ಎಂಟು ನಿಮಿಷಕ್ಕೆ ಕಡಮೆಯಾದ ವಿಡಿಯೊದ ನಡುವೆ ಜಾಹೀರಾತು ಬರಲಾರದು (2020ರ ಜುಲೈವರೆಗೆ ಈ ಗಡಿ ಹತ್ತು ನಿಮಿಷವಿತ್ತು). ಆದುದರಿಂದ ಐದು ನಿಮಿಷದ ಮಾತನ್ನು ಎಂಟಕ್ಕೆ ಎಳೆಯುತ್ತಾರೆ. ಷಟ್ಪದಿಯ ಕವಿಯೂ ಪಾದಪೂರಣಕ್ಕಾಗಿ ಪದಗಳನ್ನು ತುರುಕಿದ್ದುಂಟು. ಆದರೆ ಅವನ ಮಾತ್ರೆಗಳ ಲೆಕ್ಕ ಕಿವಿಗೆ ಸುಖ ಕೊಡುತ್ತಿತ್ತು. ಎಂಟು ನಿಮಿಷದ ಈ ಗಣದಿಂದ ಯಾರ ಕಿವಿಗೂ ಸುಖವಿಲ್ಲ.

‘ಮನೆಯಲ್ಲಿ ಕುಳಿತೇ ಸಂಪಾದಿಸಿರಿ’ ಎಂಬ ಬೋಧಪ್ರಕಾರವನ್ನು ಕುರಿತು ಹೆಚ್ಚು ಹೇಳಲಾರೆ. ಗಳಿಸುವುದು ಹೇಗೆಂದು ಹೇಳಿ ಗಳಿಸುವ ಈ ಪ್ರಕಾರಕ್ಕೆ ತನ್ನ ಹೊರಗೆ ಯಾವ ವಸ್ತುವೂ ಇಲ್ಲ. ಏನನ್ನು ಬರೆಯಬೇಕೆಂಬ ಪ್ರಶ್ನೆ ಅದರಲ್ಲಿ ಏಳುವುದೇ ಇಲ್ಲ. ಎಷ್ಟು ಸಲ, ಯಾವ ಹೊತ್ತಿಗೆ ಎಂಬುದೇ ಎಲ್ಲ. ಯೂಟ್ಯೂಬಿನಲ್ಲಿ ಪಾಲುದಾರನಾಗಲು 2018ರಲ್ಲಿ ಗೊತ್ತುಮಾಡಿದ ಅರ್ಹತೆಯೆಂದರೆ 1,000 ಚಂದಾದಾರರು ಮತ್ತು ಹನ್ನೆರಡು ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ. ನಾಲ್ಕು ಸಾವಿರ ಗಂಟೆಗಳೆಂದರೆ ಹಗಲಿರುಳು ಸೇರಿ ನೂರ ಅರವತ್ತಾರು ದಿವಸ. ಅಷ್ಟು ಕಾಲ ಜನರು ತನ್ನ ಮುಖವನ್ನೇಕೆ ನೋಡಬೇಕೆಂದು ಕೇಳಿಕೊಳ್ಳುವ ಬೋಧಕನನ್ನು ನಾನು ಇನ್ನೂ ಕಂಡಿಲ್ಲ.

ಇಷ್ಟನ್ನು ಹೇಳಿ ಲೇಖನಿಯನ್ನು ಕೆಳಗಿಟ್ಟರೆ ಅನ್ಯಾಯವಾದೀತು. ಏಕೆಂದರೆ ಇದೇ ವ್ಯವಸ್ಥೆಯೊಳಗೆ, ನಮ್ಮಂಥ ಬರೆಯುವವರು ತಿರುಗಿಯೂ ನೋಡದ ಒಂದು ಮೂಲೆಯಲ್ಲಿ, ಒಳ್ಳೆಯ ಕನ್ನಡ ಗದ್ಯ ಬೆಳೆಯುತ್ತಿದೆ. ಅಡುಗೆಮನೆಯ ವಿಡಿಯೊಗಳ ಮಾತು ಹೇಳುತ್ತಿದ್ದೇನೆ.

ಪುಣೆಯ ಕನ್ನಡ ಮನೆಗಳ ಸ್ಥಿತಿ ನಮಗೆಲ್ಲ ಗೊತ್ತು. ಮಕ್ಕಳು ಮನೆಯಲ್ಲಿ ಕನ್ನಡ ಮಾತನಾಡುತ್ತಾರೆ. ಶಾಲೆಯಲ್ಲಿ ಕಲಿಯುವುದು ದೇವನಾಗರಿ ಮತ್ತು ಇಂಗ್ಲಿಷ್ ಅಕ್ಷರ. ಕನ್ನಡದ ಫಲಕವನ್ನು ಕೂಡಿಸಿ ಓದುವುದರಲ್ಲಿಯೇ ಅವರಿಗೆ ಬಸ್ಸು ತಪ್ಪೀತು. ನಮ್ಮ ಬ್ಲಾಗು, ನಮ್ಮ ತ್ರೈಮಾಸಿಕ, ನಮ್ಮ ಬೇಂದ್ರೆಯ ಟಿಪ್ಪಣಿ, ಇವೆಲ್ಲವೂ ಆ ಮಕ್ಕಳ ಪಾಲಿಗೆ ಲಿಪಿಯ ಬೇಲಿಯಾಚೆಗಿನವು. ವಿಡಿಯೊ ಆ ಬೇಲಿಯನ್ನು ಹಾರುತ್ತದೆ. ‘ನಮಸ್ಕಾರ ದೇವ್ರು’ ಎನ್ನುತ್ತ ದೇಶದೇಶ ತಿರುಗುವ ಡಾಕ್ಟರ್ ಬ್ರೋ ಎಂಬ ತರುಣನ ಕನ್ನಡವನ್ನು, ಕನ್ನಡದ ಒಂದಕ್ಷರವನ್ನೂ ಓದಲಾರದ ಮೊಮ್ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ. ಪ್ರವಾಸಗದ್ಯದ ಶಿಷ್ಟತೆ ಅದರಲ್ಲಿಲ್ಲವೆಂದು ಗೊಣಗುವವರಿದ್ದಾರೆ. ಮೊದಮೊದಲು ನಾನೂ ಅವರಲ್ಲಿ ಒಬ್ಬ.

ಅಡುಗೆಯ ವಿಡಿಯೊ ಇದಕ್ಕಿಂತಲೂ ಒಂದು ಹೆಜ್ಜೆ ಮುಂದೆ. ಜೋಳದ ರೊಟ್ಟಿ ಮಾಡುವ ಹೆಂಗಸೊಬ್ಬಳ ಮಾತನ್ನು ಕೇಳಿರಿ. ಹಿಟ್ಟಿಗೆ ಎಸರು ಹೊಯ್ದು, ಕೈ ತಾಳುವಷ್ಟು ಆರಿದ ಮೇಲೆ ನಾದಿ, ಕೊಣಮಿಗೆಯಲ್ಲಿ ಬಡಿದು, ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುವಿ, ಉಬ್ಬಿಸುವವರೆಗಿನ ಪ್ರತಿಯೊಂದು ಕ್ರಿಯೆಗೂ ಅವಳಲ್ಲಿ ಬೇರೆಬೇರೆ ಕ್ರಿಯಾಪದವಿದೆ. ಬೆಲ್ಲದ ಪಾಕ ಒಂದೆಳೆಯೋ ಎರಡೆಳೆಯೋ ಎಂದು ಬೆರಳಲ್ಲಿ ನೋಡುತ್ತ ಹೇಳುತ್ತಾಳೆ. ನನ್ನ ಟಿಪ್ಪಣಿಗಳಲ್ಲಿ ಎಲ್ಲವೂ ‘ಮಾಡಲಾಯಿತು’, ‘ಆಗಿದೆ’, ‘ಕಂಡುಬರುತ್ತದೆ’. ಅವಳ ಗದ್ಯದ ಉದ್ದವನ್ನು ಅಂಕಿಯು ನಿರ್ಧರಿಸಲಾರದು. ಪಾಕ ಹದಕ್ಕೆ ಬಂದಾಗ ಒಲೆಯಿಂದ ಇಳಿಸಲೇಬೇಕು, ಎಂಟು ನಿಮಿಷವಾಗಲೆಂದು ಕಾದರೆ ಸೀದುಹೋಗುತ್ತದೆ. ಸಾಸಿವೆ ಸಿಡಿಯುವಾಗ ಪೀಠಿಕೆಗೆ ಅವಕಾಶವಿಲ್ಲ. ಕೆಲಸವೇ ಇಲ್ಲಿ ಸಂಪಾದಕ. ಅದು ಬೇಡವಾದ ಮಾತನ್ನು ಕಡಿಯುತ್ತದೆ.

ಮೇಲಾಗಿ, ಮನೆಯಲ್ಲಿ ಐವತ್ತು ವರುಷ ಬೇಯಿಸಿ ಒಂದು ಕಾಸನ್ನೂ ತನ್ನದೆಂದು ಕಾಣದವಳಿಗೆ, ಬೇಯಿಸಿದುದನ್ನು ತನ್ನ ನುಡಿಯಲ್ಲಿ ಹೇಳಿದುದಕ್ಕಾಗಿ ತನ್ನ ಹೆಸರಿನ ಖಾತೆಗೆ ಹಣ ಬರುವುದು ಎಂಥದೆಂಬುದನ್ನು, ವೇತನ-ನಿವೃತ್ತಿವೇತನಗಳಲ್ಲಿ ಬದುಕಿದ ಗಂಡಸರು ಅಳೆದು ಹೇಳಲಾರರು. ಅದು ಅಡ್ಡ ಆದಾಯವೆಂದು ನಮಗೆ ತೋರಬಹುದು. ಅವಳಿಗೆ ಬೇರೆ ನೆಟ್ಟನೆಯ ಆದಾಯವೆಲ್ಲಿದೆ?

ಇಲ್ಲಿ ಒಂದು ಹಳೆಯ ಕಾನೂನಿನ ನೆನಪಾಗುತ್ತದೆ. ಖಡಕಿ, ದೇಹೂ ರೋಡುಗಳ ರಕ್ಷಣಾ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದ ನಮ್ಮ ಹಿರಿಯ ಸದಸ್ಯರು ಅದನ್ನು ಚೆನ್ನಾಗಿ ಬಲ್ಲರು. ಕೇಂದ್ರ ಸರ್ಕಾರದ ನೌಕರರ 1964ರ ನಡತೆಯ ನಿಯಮಾವಳಿಯ 15ನೆಯ ನಿಯಮವು ಅನ್ಯ ವ್ಯಾಪಾರ, ಅನ್ಯ ಉದ್ಯೋಗಗಳಿಗೆ ಸರ್ಕಾರದ ಅಪ್ಪಣೆ ಬೇಕೆನ್ನುತ್ತದೆ. ಆದರೆ ಸಾಹಿತ್ಯ, ಕಲೆ, ವಿಜ್ಞಾನಗಳಿಗೆ ಸಂಬಂಧಿಸಿದ ಕೆಲಸವನ್ನು, ಕರ್ತವ್ಯಕ್ಕೆ ಅಡ್ಡಿಯಾಗದಂತೆ ಆಗೊಮ್ಮೆ ಈಗೊಮ್ಮೆ ಮಾಡುವುದಾದರೆ, ಅಪ್ಪಣೆಯಿಲ್ಲದೆಯೇ ಮಾಡಬಹುದೆಂದು ಬಿಟ್ಟುಕೊಡುತ್ತದೆ. ನಿಯಮ ಮಾಡಿದವರು ಸಾಹಿತ್ಯದ ಮೇಲಿನ ಗೌರವದಿಂದ ಹೀಗೆ ಮಾಡಿದರೋ, ಅದರಿಂದ ಯಾರಿಗೂ ಏನೂ ಗಿಟ್ಟುವುದಿಲ್ಲವೆಂಬ ಭರವಸೆಯಿಂದ ಮಾಡಿದರೋ, ಊಹೆಗೆ ಬಿಟ್ಟ ವಿಷಯ. ಅದೇನೇ ಇರಲಿ, ‘ಆಗೊಮ್ಮೆ ಈಗೊಮ್ಮೆ’ ಎಂಬ ಮಾತಿನಲ್ಲಿ ಒಂದು ವಿವೇಕವಿದೆ. ಅಂಕಿಯೆಂಬ ಸಂಪಾದಕನು ಸಹಿಸದಿರುವುದು ಅದೊಂದನ್ನೇ. ದಿನದಿನವೂ ಹಾಕದವನನ್ನು ಅವನು ಮರೆಯುತ್ತಾನೆ. ಮರೆತವನನ್ನು ಯಾರಿಗೂ ತೋರಿಸುವುದಿಲ್ಲ. ಹಗಲಿನ ಕಛೇರಿಯಿಂದ ಬಿಡುಗಡೆಗಾಗಿ ಬರೆಯಹೊರಟ ಹಿಂಜವಡಿಯ ತರುಣನಿಗೆ ರಾತ್ರಿ ಇನ್ನೊಂದು ಕಛೇರಿಯಾಗುತ್ತದೆ. ಅಲ್ಲಿ ರವಿವಾರವೂ ಇಲ್ಲ, ಜಗಳಕ್ಕೆ ಮೇಲಧಿಕಾರಿಯೂ ಇಲ್ಲ.

‘ನಿಮ್ಮ ಕಾಲದಲ್ಲಿ ಹೊರನಾಡಿನವರ ಲೇಖನವನ್ನು ಬೆಂಗಳೂರು ಹುಬ್ಬಳ್ಳಿಯ ಸಂಪಾದಕರು ಎಷ್ಟು ಸಲ ಅಚ್ಚುಮಾಡಿದರು? ಸಾಭಾರ ಪರತ್ತಿನ ಚೀಟಿಗಳೆಷ್ಟು?’ ಎಂದು ಮಗನು ಕೇಳುತ್ತಾನೆ. ಅವನ ಪ್ರಶ್ನೆ ನ್ಯಾಯವಾದುದು. ಆ ಚೀಟಿಗಳ ಕಟ್ಟು ನನ್ನ ಕಪಾಟಿನಲ್ಲಿ ಇಂದಿಗೂ ಇದೆ. ಹಾಗೆ ಮರಳಿ ಬಂದ ಕೆಲವು ಲೇಖನಗಳನ್ನು ಈಗ ಓದಿದರೆ ಮರಳಿಸಿದವರೇ ಸರಿಯೆನ್ನಿಸುತ್ತದೆ. ಕೆಲವುಗಳ ವಿಷಯದಲ್ಲಿ ಇಂದಿಗೂ ಸಿಟ್ಟು ಆರಿಲ್ಲ.

ನನ್ನ ಬ್ಲಾಗಿನ ಲೆಕ್ಕ ಮೂವತ್ತೊಂದು ಡಾಲರಿನಲ್ಲಿ ನಿಂತಿದೆ. ಜಾಹೀರಾತನ್ನು ತೆಗೆಸಿ, ನಿಂತುಹೋಗಿದ್ದ ಶ್ರೀರಂಗರ ಟಿಪ್ಪಣಿಯನ್ನು ಕಳೆದ ತಿಂಗಳು ಮುಗಿಸಿದೆ. ಹನ್ನೊಂದು ಜನರು ಓದಿದ್ದಾರೆ. ಸೊಸೆಯು ಅದನ್ನು ಗಟ್ಟಿಯಾಗಿ ಓದಿಸಿ ಧ್ವನಿಮುದ್ರಿಸೋಣವೆಂದಿದ್ದಾಳೆ. ಮೊಮ್ಮಗಳು ಕೇಳಬೇಕಾದರೆ ‘ಕಂಡುಬರುತ್ತದೆ’ಗಳನ್ನೆಲ್ಲ ಮೊದಲು ತೆಗೆಯಿರೆಂದು ಹೇಳಿದ್ದಾಳೆ. ಅವುಗಳನ್ನು ಗುರುತುಮಾಡುತ್ತ ಬಂದಿದ್ದೇನೆ. ಎರಡನೆಯ ಪುಟದಲ್ಲಿಯೇ ಒಂಬತ್ತು ಇವೆ.